ಕೆಂಡಪ್ಪನ ತೇಗು

ಮೂರು ಗಾಬ್ಲಿನ್‌ಗಳು ಗುಹೆ ಬಾಯಲ್ಲಿ ಒತ್ತೊತ್ತಾಗಿ ನಿಂತಿದ್ವು, ಇದಕ್ಕಿಂತ ಒಳ್ಳೇ ಚಾನ್ಸ್ ಇನ್ನೊಂದ್ಸಲ ಸಿಗಲ್ಲ ಅಂತ ನಾನು ಎದ್ದು ನಿಂತೇಬಿಟ್ಟೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಅನ್ನೋ ಆಟದಲ್ಲಲ್ಲ, ನಿಜವಾಗ್ಲೂ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತೆ. ನನ್ನ ಕ್ಯಾರೆಕ್ಟರ್ ಹೆಸರು ಕೆಂಡಪ್ಪ. ಕೆಂಪು ಡ್ರ್ಯಾಗನ್‌ಬಾರ್ನ್, ಆರೂವರೆ ಅಡಿ ಆಳು, ಮೈತುಂಬ ಚಿಪ್ಪು, ಮೊಸಳೆ ಥರ ಮೂತಿ, ಬಾಯಿ ಬಿಟ್ರೆ ಬೆಂಕಿ. "ಬಾಯ್ ಬಿಡ್ತೀನಿ" ಅಂದೆ. ಆಟ ನಡೆಸೋ ನಮ್ಮ ಡಿಎಂ "ಹಾಕಪ್ಪ ಡೈಸು" ಅಂದ. ಎರಡು ಆರು ಮುಖದ ಡೈಸು, ಚೌಕಾಬಾರದಲ್ಲಿ ಕವಡೆ ಕುಲುಕೋ ಹಾಗೆ ಎರಡೂ ಕೈಯಲ್ಲಿ ಕುಲುಕಿ ಬಿಟ್ಟೆ. ಒಂದು ಡೈಸು ಹೋಗಿ ಮಂಡಕ್ಕಿ ತಟ್ಟೆಯೊಳಗೆ ಬಿತ್ತು, ಅದನ್ನ ಲೆಕ್ಕಕ್ಕೆ ತಗೋಬೇಕೋ ಬೇಡ್ವೋ ಅಂತ ಎರಡು ನಿಮಿಷ ಜಗಳ ಆಯ್ತು, ಕೊನೆಗೆ ತಗೊಂಡ್ವಿ. ಒಂದು. ಇನ್ನೊಂದು ಎರಡು. ಒಟ್ಟು ಮೂರು.

ಗಾಬ್ಲಿನ್‌ಗಳಲ್ಲಿ ಎರಡು ಸೇವ್ ಮಾಡ್ಕೊಂಡ್ವು, ಅಂದ್ರೆ ಪಕ್ಕಕ್ಕೆ ಹಾರಿ ತಪ್ಪಿಸ್ಕೊಂಡ್ವು, ಹಾಗಾಗಿ ಅವಕ್ಕೆ ಅರ್ಧ ಡ್ಯಾಮೇಜು. ಮೂರರಲ್ಲಿ ಅರ್ಧ ಒಂದೂವರೆ, ಈ ಆಟದಲ್ಲಿ ಅರ್ಧ ಬಂದ್ರೆ ಯಾವಾಗ್ಲೂ ಕೆಳಕ್ಕೇ ಇಳಿಸೋದು, ಅಲ್ಲಿಗೆ ಒಂದು. ಏಳು ಹಿಟ್ ಪಾಯಿಂಟ್, ಅಂದ್ರೆ ಅಷ್ಟು ಏಟು ತಡೆಯೋ ಜೀವ, ಇರೋ ಗಾಬ್ಲಿನ್‌ಗೆ ಒಂದು. ಡಿಎಂ ಗಾಬ್ಲಿನ್ ದನಿ ಮಾಡ್ಕೊಂಡು, ಮೂಗು ಮುಚ್ಕೊಂಡು, "ಯಾವನೋ ಬೆಳ್ಳುಳ್ಳಿ ತಿಂದ್ಬಂದವ್ನೆ ಕಣ್ರೋ" ಅಂದ. ಪುಸ್ತಕದಲ್ಲಿ ಅದರ ಹೆಸರು ಬ್ರೆತ್ ವೆಪನ್. ನಮ್ಮ ಟೇಬಲ್ಲಲ್ಲಿ ಅವತ್ತಿಂದ ಇವತ್ತಿನವರೆಗೆ ಅದು ತೇಗು. "ಕೆಂಡಪ್ಪ, ತೇಗ್ತೀಯಾ?" ಅಂತ ಕೇಳ್ತಾರೆ, ಅಷ್ಟೆ.

ಡಿ ಅಂಡ್ ಡಿ ಆಡದೇ ಇರೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಡಂಜನ್ ಮಾಸ್ಟರ್, ಅಂದ್ರೆ ಡಿಎಂ, ಕಥೆ ನಡೆಸ್ತಾನೆ, ರಾಕ್ಷಸರು, ಅಂಗಡಿಯವ್ರು, ರಾಜ, ಮಳೆ ಎಲ್ಲಾ ಅವನೇ. ಮಿಕ್ಕಿದವ್ರು ಒಬ್ಬೊಬ್ರು ಒಂದೊಂದು ಕ್ಯಾರೆಕ್ಟರ್. ಏನ್ ಮಾಡ್ತೀವಿ ಅಂತ ಬಾಯಲ್ಲಿ ಹೇಳ್ತೀವಿ, ಆಗುತ್ತೋ ಇಲ್ವೋ ಅಂತ ಡೈಸು ಹೇಳುತ್ತೆ. ನಾವು ಐದು ಜನ, ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ಒಬ್ಬ ಗೆಳೆಯನ ಮನೆ ಮಹಡಿ ರೂಮಲ್ಲಿ, ರೂಲ್ ಬುಕ್ಕೆಲ್ಲ ಇಂಗ್ಲಿಷು, ಮಾತೆಲ್ಲ ಕನ್ನಡ. ಸಂಜೆ ಅವರಮ್ಮ ಕಾಫಿ ತಂದಾಗ "ಇನ್ನೂ ಸತ್ತಿಲ್ವಾ ಆ ರಾಕ್ಷಸ?" ಅಂತ ಕೇಳಿ ಹೋಗ್ತಾರೆ.

ಆ ತೇಗಿನ ಅವಮಾನ ಆದ ರಾತ್ರಿ ನಾನು ಸುಮ್ನೆ ಮಲಗ್ಲಿಲ್ಲ. ಆಟದ ಹೆಸರಲ್ಲೇ ಡ್ರ್ಯಾಗನ್ ಕೂತಿದೆ, ಆದ್ರೂ ಆಡೋವ್ನು ಡ್ರ್ಯಾಗನ್ ಆಗ್ತೀನಿ ಅಂದ್ರೆ ಯಾಕೆ ಇಷ್ಟು ಜಿಪುಣತನ ಅಂತ ಹಳೇ ರೂಲುಗಳನ್ನೆಲ್ಲ ಕೆದಕ್ಕೊಂಡು ಕೂತೆ, ಆಗ ಗೊತ್ತಾಗಿದ್ದು ಈ ಪ್ರಶ್ನೆಗೆ ಐವತ್ತು ವರ್ಷದ ವಯಸ್ಸು ಅಂತ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಸೇರಿ ಮಾಡಿದ ಆಟ 1974ರಲ್ಲಿ ಅಮೆರಿಕದ ಲೇಕ್ ಜಿನೀವಾ ಅನ್ನೋ ಊರಿಂದ ಹೊರಗೆ ಬಂತು, ಒಂದು ಡಬ್ಬಿಯಲ್ಲಿ ಮೂರು ಸಣ್ಣ ಪುಸ್ತಕ. ಅದರ ಮೊದಲನೇ ಪುಸ್ತಕದಲ್ಲೇ ಆಟಗಾರ ಏನು ಬೇಕಾದ್ರೂ ಆಗ್ಬಹುದು, ಡ್ರ್ಯಾಗನ್ ಬೇಕಾದ್ರೂ ಆಗ್ಬಹುದು, ಆದ್ರೆ ಮರಿಯಿಂದ ಶುರು ಮಾಡಿ ಮೆಲ್ಲಗೆ ಬೆಳೀಬೇಕು ಅನ್ನೋ ಅರ್ಥದ ಮಾತಿದೆ. ಎಷ್ಟು ಸರಳವಾಗಿ ಒಪ್ಕೊಂಡುಬಿಟ್ಟಿದಾರೆ ನೋಡಿ. ಅದೇ ಗೈಗ್ಯಾಕ್ಸ್ 1979ರ ಡಂಜನ್ ಮಾಸ್ಟರ್ಸ್ ಗೈಡಲ್ಲಿ ಉಲ್ಟಾ ಹೊಡೀತಾರೆ, ಈ ಪ್ರಪಂಚ ಮನುಷ್ಯರ ಸುತ್ತ ಕಟ್ಟಿರೋದು, ರಾಕ್ಷಸ ಆಗ್ತೀನಿ ಅಂತ ಬರೋವ್ರನ್ನ ಡಿಎಂಗಳು ಪ್ರೋತ್ಸಾಹಿಸಬಾರದು ಅನ್ನೋ ಥರ. ಐದು ವರ್ಷದಲ್ಲಿ ಎಷ್ಟು ಜನ ಹುಡುಗರು ಬಂದು ಡ್ರ್ಯಾಗನ್ ಆಗ್ತೀನಿ ಅಂತ ಅವರ ತಲೆ ತಿಂದಿರಬೇಕು ಅಂತ ನೆನೆಸ್ಕೊಂಡ್ರೆ ನಗು ಬರುತ್ತೆ. ಆಮೇಲೆ 1994ರಲ್ಲಿ ಕೌನ್ಸಿಲ್ ಆಫ್ ವರ್ಮ್ಸ್ ಅಂತ ಒಂದು ಡಬ್ಬಿ ಬಂತು, ಅದರಲ್ಲಿ ಎಲ್ಲರೂ ಡ್ರ್ಯಾಗನ್ ಆಗೇ ಆಡ್ಬಹುದು. ಎಲ್ಲರೂ ಡ್ರ್ಯಾಗನ್ ಆದ್ರೆ ಸಮಸ್ಯೆನೇ ಇಲ್ಲ ತಾನೆ, ತೊಂದ್ರೆ ಇರೋದು ಒಬ್ಬ ಡ್ರ್ಯಾಗನ್, ಇನ್ನೊಬ್ಬ ಕಡ್ಡಿ ಪೈಲ್ವಾನ್ ಮಂತ್ರವಾದಿ ಒಂದೇ ಟೇಬಲ್ಲಲ್ಲಿ ಕೂತಾಗ.

ಹಾಗಾಗಿ ಮೂರನೇ ಎಡಿಷನ್‌ನವ್ರು ಇದಕ್ಕೆ ರೇಟ್ ಫಿಕ್ಸ್ ಮಾಡಿದ್ರು. 2003ರ 3.5 ರೂಲಲ್ಲಿ ಹಾಫ್ ಡ್ರ್ಯಾಗನ್ ಅಂತ ಒಂದು ಟೆಂಪ್ಲೇಟ್ ಇದೆ, ಅಪ್ಪನೋ ಅಮ್ಮನೋ ಡ್ರ್ಯಾಗನ್ ಆಗಿರೋ ಕ್ಯಾರೆಕ್ಟರ್. ಬಲಕ್ಕೆ ಎಂಟು ಪಾಯಿಂಟ್ ಹೆಚ್ಚು, ದಿನಕ್ಕೊಂದ್ಸಲ 6 ಡಿ8 ಉಸಿರು, ಅಂದ್ರೆ ಎಂಟು ಮುಖದ ಆರು ಡೈಸಿನ ಡ್ಯಾಮೇಜು, ಚರ್ಮ ಗಟ್ಟಿ, ಕೇಳಿದ್ರೆ ಬಾಯಲ್ಲಿ ನೀರು ಬರುತ್ತೆ. ಆದ್ರೆ ಲೆವೆಲ್ ಅಡ್ಜಸ್ಟ್‌ಮೆಂಟ್ ಅಂತ ಮೂರು ಲೆವೆಲ್ ಮುರ್ಕೋತಾರೆ. ಮಿಕ್ಕಿದವ್ರು ನಾಲ್ಕನೇ ಲೆವೆಲ್ಲಲ್ಲಿದ್ರೆ ನೀವು ಒಂದನೇ ಲೆವೆಲ್ ಫೈಟರು, ರೆಕ್ಕೆಪುಕ್ಕ ಎಲ್ಲಾ ಇದೆ, ಹಿಟ್ ಪಾಯಿಂಟ್ ಮಾತ್ರ ಹದಿನಾಲ್ಕು. ಸಂಬಳ ಕೈಗೆ ಬರೋಕೆ ಮುಂಚೆನೇ ಕಟ್ ಆಗೋ ಇಎಂಐ ಥರ, ಮನೆ ದೊಡ್ಡದೇ, ತಿಂಗಳ ಕೊನೇಲಿ ತರಕಾರಿಗೆ ದುಡ್ಡಿಲ್ಲ. ರೆಕ್ಕೆಪುಕ್ಕ ಅಂದೆ, ಅದೂ ಸುಳ್ಳು, ದೊಡ್ಡ ಮೈ ಇರೋ ಹಾಫ್ ಡ್ರ್ಯಾಗನ್‌ಗಷ್ಟೇ ರೆಕ್ಕೆ. ಅದೇ ಕಾಲದ ಡ್ರ್ಯಾಗನ್ ಡಿಸೈಪಲ್ ಇನ್ನೊಂದು ಥರದ ಸಾಲ. ಮಂತ್ರ ಹಾಕೋ ಸಾರ್ಸರರ್ ಒಬ್ಬ ತನ್ನ ರಕ್ತದಲ್ಲಿ ಡ್ರ್ಯಾಗನ್ ಇದೆ ಅಂತ ತಿಳ್ಕೊಂಡು ಹತ್ತು ಲೆವೆಲ್ ಈ ದಾರಿ ಹಿಡೀತಾನೆ, ಮೈ ಗಟ್ಟಿ ಆಗ್ತಾ ಹೋಗುತ್ತೆ, ಉಸಿರು ಬರುತ್ತೆ, ಒಂಬತ್ತರಲ್ಲಿ ರೆಕ್ಕೆ ಬರುತ್ತೆ, ಹತ್ತರಲ್ಲಿ ಪೂರ್ತಿ ಹಾಫ್ ಡ್ರ್ಯಾಗನ್ ಆಗ್ತಾನೆ, ಆದ್ರೆ ಅಲ್ಲೀತನಕ ಅವನ ಮಂತ್ರವಿದ್ಯೆ ನಿಂತಲ್ಲೇ ನಿಂತಿರುತ್ತೆ, ಅಲ್ಲಲ್ಲಿ ಒಂದೊಂದು ಎಕ್ಸ್‌ಟ್ರಾ ಸ್ಪೆಲ್ ಬಿಸಾಕ್ತಾರೆ ಅಷ್ಟೆ. ಯಾವ ವಿದ್ಯೆಯಿಂದ ಡ್ರ್ಯಾಗನ್ ರಕ್ತ ಗೊತ್ತಾಯ್ತೋ ಅದೇ ವಿದ್ಯೆ ಬಿಡ್ಬೇಕು. ಆಟದ ಲೆಕ್ಕದಲ್ಲಿ ಇದು ದಡ್ಡ ವ್ಯಾಪಾರ ಅಂತ ಎಲ್ಲರೂ ಬೈತಾರೆ, ಆದ್ರೆ ನನಗೆ ಇದರ ಮೇಲೆ ಯಾಕೋ ಪ್ರೀತಿ. ಹತ್ತು ಲೆವೆಲ್ ಅಂದ್ರೆ ನಮ್ಮಂಥ ಭಾನುವಾರದ ಗುಂಪಿಗೆ ಎರಡು ವರ್ಷ. ಎರಡು ವರ್ಷ ತಗೊಂಡು ಒಬ್ಬ ಮನುಷ್ಯ ಚಿಪ್ಪು ಚಿಪ್ಪಾಗಿ ಡ್ರ್ಯಾಗನ್ ಆಗ್ತಾನಲ್ಲ, ಅದು ಕಥೆ.

ಇನ್ನೂ ಚೆನ್ನಾಗಿರೋದು 2006ರಲ್ಲಿ ಬಂತು. ಡ್ರ್ಯಾಗನ್‌ಬಾರ್ನ್ ಅನ್ನೋ ಹೆಸರು ಅವಾಗ್ಲೇ ಇತ್ತು, ಆದ್ರೆ ಅದು ಹುಟ್ಟಿನಿಂದ ಬರೋ ಜಾತಿ ಅಲ್ಲ. ಬಹಾಮುಟ್ ಅನ್ನೋ ಒಳ್ಳೇ ಡ್ರ್ಯಾಗನ್‌ಗಳ ದೇವರ ಕರೆ ಕೇಳಿಸ್ಕೊಂಡ ಯಾರೋ ಒಬ್ಬ ಮನುಷ್ಯನೋ, ಡ್ವಾರ್ಫೋ, ತಾನೇ ಒಪ್ಪಿ, ವಿಧಿ ಪ್ರಕಾರ ಮೊಟ್ಟೆಯೊಳಗೆ ಹೋಗಿ, ಇನ್ನೊಂದು ರೂಪದಲ್ಲಿ ಹೊರಗೆ ಬರ್ತಾನೆ. ಹಳೇ ಜನ್ಮದ ನೆನಪಿರುತ್ತೆ, ಹಳೇ ಮೈ ಇರಲ್ಲ. ಬರುವಾಗ ಮೂರರಲ್ಲಿ ಒಂದು ಆರಿಸ್ಕೋಬೇಕು, ಉಸಿರೋ, ರೆಕ್ಕೆಯೋ, ಚುರುಕಾದ ಇಂದ್ರಿಯಗಳೋ. ಮೂರೂ ಸಿಗಲ್ಲ. ಸಂಸ್ಕೃತದಲ್ಲಿ ದ್ವಿಜ ಅಂದ್ರೆ ಹಕ್ಕಿನೂ ಹೌದು, ಹಲ್ಲೂ ಹೌದು, ಉಪನಯನ ಆದವನೂ ಹೌದು, ಎರಡು ಸಲ ಹುಟ್ಟೋದು ಅಂತ. ಇವನಿಗೆ ಮೊಟ್ಟೆನೂ ಇದೆ ಹಲ್ಲೂ ಇದೆ, ಇವನಷ್ಟು ದ್ವಿಜ ಇನ್ಯಾರಿದಾರೆ ಹೇಳಿ. ಅಂದಹಾಗೆ ಬಹಾಮುಟ್ ಅನ್ನೋ ಹೆಸರು ಅರಬ್ಬರ ಪುರಾಣದ್ದು, ಅಲ್ಲಿ ಅದು ಡ್ರ್ಯಾಗನ್ ಅಲ್ವೇ ಅಲ್ಲ, ಭೂಮಿಯನ್ನೆಲ್ಲ ಹೊತ್ತಿರೋ ಸಾಲಲ್ಲಿ ಎಲ್ಲಕ್ಕಿಂತ ಕೆಳಗಿರೋ ದೊಡ್ಡ ಮೀನು, ಒಂಥರಾ ನಮ್ಮ ಆದಿಶೇಷನ ಡ್ಯೂಟಿ. ಅವನ ಎದುರಾಳಿ ಐದು ತಲೆಯ ಟಿಯಾಮಟ್ ಹೆಸರು ಬ್ಯಾಬಿಲೋನಿನದು. ಅಮೆರಿಕದ ಆಟ, ಅರಬ್ಬರ ಮೀನು, ಬ್ಯಾಬಿಲೋನಿನ ಸಮುದ್ರದೇವತೆ, ಬೆಂಗಳೂರಿನ ಮಹಡಿ ರೂಮು.

ನಮ್ಮ ಗುಂಪಲ್ಲಿ ಒಬ್ಬನಿಗೆ ಇದೆಲ್ಲ ಕೇಳಿ ಸ್ವಾಭಿಮಾನ ಕೆರಳ್ತು, "ಕೆಂಡಪ್ಪನ್ನ ಮಕರ ಮಾಡ್ಬಿಡು, ಹಳೇಬೀಡಲ್ಲಿ ಸಾಲುಸಾಲಾಗಿ ಕೆತ್ತಿದಾರಲ್ಲ, ಸೊಂಡಿಲು, ಮೊಸಳೆ ಬಾಯಿ, ನವಿಲುಗರಿ ಬಾಲ" ಅಂದ. ನಾನು ಒಪ್ಪಲಿಲ್ಲ. ಮಕರ ನೀರಿನ ಪ್ರಾಣಿ, ವರುಣನ ವಾಹನ, ಅದರ ಬಾಯಿಂದ ಬರೋದು ಬಳ್ಳಿ, ಸಿಂಹ, ಮನುಷ್ಯರು, ಬೆಂಕಿ ಅಲ್ಲ. ಡ್ರ್ಯಾಗನ್‌ಗೆ ಕನ್ನಡದಲ್ಲಿ ಘಟಸರ್ಪ ಅಂತ ಬರೆಯೋದೂ ಉಂಟು, ಅದನ್ನ ಕೇಳಿದ್ರೆ ಕಣ್ಮುಂದೆ ಬರೋದು ಹಾವು, ಗುಡ್ಡದ ಮೇಲೆ ಚಿನ್ನದ ರಾಶಿ ಮೇಲೆ ಮಲಗಿರೋ ಕೋಪಿಷ್ಠ ಮುದುಕ ಅಲ್ಲ. ಡ್ರ್ಯಾಗನ್ ಡ್ರ್ಯಾಗನ್ನೇ ಇರ್ಲಿ. ಆದ್ರೆ ಒಂದು ವಿಷಯಕ್ಕೆ ಮಾತ್ರ ಡಿಎಂ ಮನೆಯೊಳಗಿನ ಸಾಮಾನೇ ತಂದ. ಡ್ರ್ಯಾಗನ್‌ಬಾರ್ನ್‌ಗಳಿಗೆ ಡ್ರಾಕೋನಿಕ್ ಭಾಷೆ ಬರುತ್ತೆ, ತುಂಬ ಹಳೇ ಭಾಷೆ. ನಮ್ಮ ಟೇಬಲ್ಲಲ್ಲಿ ಡ್ರಾಕೋನಿಕ್ ಅಂದ್ರೆ ಹಳೆಗನ್ನಡ. ಗೋಡೆ ಮೇಲೆ ಡ್ರಾಕೋನಿಕ್ ಬರಹ ಇದ್ರೆ ಅವನು ಳಕಾರ ರಕಾರ ಎಲ್ಲಾ ಒತ್ತಿ ಓದ್ತಾನೆ, ಮಿಕ್ಕಿದವ್ರು "ಏನಂತೆ ಏನಂತೆ" ಅಂತ ನನ್ನ ಕಡೆ ನೋಡ್ತಾರೆ, ನಾನು ಹತ್ತನೇ ಕ್ಲಾಸಿನ ನೆನಪಲ್ಲಿ ಅರ್ಧ ಅರ್ಥ ಮಾಡ್ಕೊಂಡು ಇನ್ನರ್ಧ ಕಟ್ಟಿ ಹೇಳ್ತೀನಿ. ಒಂದ್ಸಲ ತಪ್ಪು ಅರ್ಥ ಹೇಳಿ ಎಲ್ಲರನ್ನೂ ಗುಂಡಿಗೆ ಬೀಳಿಸಿದ್ದೂ ಇದೆ.

ಹೆಸರೂ ಅಷ್ಟೇ ಸಲೀಸಾಗಿ ಒಗ್ಗಿತು. 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್ಕಲ್ಲಿ ಡ್ರ್ಯಾಗನ್‌ಬಾರ್ನ್‌ಗಳು ಕುಲದ ಹೆಸರನ್ನ ಮುಂದೆ ಹಾಕೋತಾರೆ, ಗೌರವಕ್ಕೆ, ಆಮೇಲೆ ತಮ್ಮ ಹೆಸರು ಅಂತಿದೆ. ಅಮೆರಿಕದವ್ರಿಗೆ ಇದು ವಿಚಿತ್ರ ಅನ್ಸಿರ್ಬಹುದು, ಊರಿನ ಹೆಸರೋ ಅಪ್ಪನ ಹೆಸರೋ ಮುಂದಿಟ್ಕೊಂಡು ಓಡಾಡೋ ನಮಗೆ ಏನು ವಿಚಿತ್ರ. ಹಳೇಕೋಟೆ ಕೆಂಡಪ್ಪ. ಶೀಟ್ ಮೇಲೆ ಎಚ್. ಕೆಂಡಪ್ಪ ಅಂತ ಬರ್ಕೊಂಡಿದೀನಿ, ರೇಷನ್ ಕಾರ್ಡ್ ಥರ ಕಾಣುತ್ತೆ. ಮೊಟ್ಟೆ ಒಡೆದ ಕೆಲವೇ ಗಂಟೆಯಲ್ಲಿ ಮಗು ನಡೆಯುತ್ತಂತೆ, ಮೂರು ವರ್ಷಕ್ಕೆ ಹತ್ತು ವರ್ಷದ ಹುಡುಗನಷ್ಟು ಬೆಳೆಯುತ್ತಂತೆ, ಹದಿನೈದಕ್ಕೆ ದೊಡ್ಡವರ ಲೆಕ್ಕ. ಯೂನಿಫಾರಂ ಹೊಲಿಸೋ ಅಪ್ಪನ ಪಾಡು ಏನು ಅಂತ ನಾವು ಒಂದು ಸೆಷನ್ ಪೂರ್ತಿ ಮಾತಾಡಿದ್ವಿ, ಗಾಬ್ಲಿನ್‌ಗಳು ಕಾಯ್ತಾ ನಿಂತಿದ್ವು.

ಸರಿ, ತೇಗಿಗೆ ವಾಪಸ್ ಬರ್ತೀನಿ. ಎರಡನೇ ಜನ್ಮದ ವಿಧಿ ಇಲ್ಲ, ದೇವರ ಕರೆ ಇಲ್ಲ, ಹುಟ್ಟಿನಿಂದಲೇ ಡ್ರ್ಯಾಗನ್‌ಬಾರ್ನ್ ಅಂತ ಮೊದಲನೇ ಪುಸ್ತಕದಲ್ಲೇ ಎಲ್ಫು, ಡ್ವಾರ್ಫು ಪಕ್ಕ ಕೂರಿಸಿದ್ದು 2008ರ ನಾಲ್ಕನೇ ಎಡಿಷನ್. ಹಳಬರು ಅದನ್ನ ಇವತ್ತಿಗೂ ಬೈತಾರೆ, ಆದ್ರೆ ಉಸಿರಿನ ವಿಷಯದಲ್ಲಿ ಅವರು ಒಂದು ಜಾಣತನ ಮಾಡಿದ್ರು. ಅಲ್ಲಿ ಉಸಿರು ಬಿಡೋದು ಮೈನರ್ ಆಕ್ಷನ್, ಚಿಕ್ಕ ಕೆಲಸ. ಡ್ಯಾಮೇಜು ಒಂದೇ ಒಂದು ಡಿ6, ಜೊತೆಗೆ ಕಾನ್‌ಸ್ಟಿಟ್ಯೂಷನ್ ಬೋನಸ್, ಅಂದ್ರೆ ಕಮ್ಮಿನೇ, ಆದ್ರೆ ಉಸಿರು ಬಿಟ್ಟು ಅದೇ ಟರ್ನಲ್ಲಿ ಕತ್ತಿನೂ ಬೀಸ್ಬಹುದು. 2014ರ ಐದನೇ ಎಡಿಷನ್‌ನವ್ರು ಡ್ಯಾಮೇಜನ್ನ ಎರಡು ಡಿ6 ಮಾಡಿ, ಉಸಿರನ್ನ ಪೂರ್ತಿ ಆಕ್ಷನ್ ಮಾಡಿಬಿಟ್ರು, ಅಂದ್ರೆ ಉಸಿರು ಬಿಟ್ರೆ ಆ ಟರ್ನಲ್ಲಿ ಕತ್ತಿ ಬೀಸೋ ಹಾಗಿಲ್ಲ, ಅದೂ ಒಂದು ರೆಸ್ಟಿಗೆ ಒಂದೇ ಸಲ. ಓದಿದಾಗ ದೊಡ್ಡದಾದ ಹಾಗೆ ಕಾಣುತ್ತೆ, ಆಡಿದಾಗ ಗೊತ್ತಾಗೋದು. ಐದನೇ ಲೆವೆಲ್ಲಿಗೆ ಬಂದ ಕೆಂಡಪ್ಪ ಒಂದು ಆಕ್ಷನ್‌ನಲ್ಲಿ ಎರಡು ಸಲ ಕತ್ತಿ ಬೀಸ್ತಾನೆ, ಒಂದೊಂದು ಏಟಿಗೆ 2 ಡಿ6 ಮತ್ತು ನಾಲ್ಕು, ಆವರೇಜ್ ಹನ್ನೊಂದು, ಎರಡೂ ಬಿದ್ರೆ ಇಪ್ಪತ್ತೆರಡು. ಉಸಿರು ಆಗಲೂ 2 ಡಿ6 ಅಷ್ಟೇ, ಆವರೇಜ್ ಏಳು, ಆರನೇ ಲೆವೆಲ್ಲಲ್ಲಿ ಇನ್ನೊಂದು ಡೈಸು ಸೇರುತ್ತೆ. ಮೂರು ಗಾಬ್ಲಿನ್ ಒಟ್ಟಿಗೆ ನಿಂತು, ಮೂರಕ್ಕೆ ಮೂರೂ ಸೇವ್ ಫೇಲ್ ಆದ್ರೂ ಇಪ್ಪತ್ತೊಂದು. ಅಂದ್ರೆ ನಾನು ಡ್ರ್ಯಾಗನ್ ಆಗಿರೋದಕ್ಕಿಂತ ಕತ್ತಿ ಹಿಡಿದ ಯಾವನೋ ಆಳಾಗಿರೋದೇ ಲಾಭ. ಆರು ತಿಂಗಳಲ್ಲಿ ಮೂರೋ ನಾಲ್ಕೋ ಸಲ ಉಸಿರು ಬಿಟ್ಟಿರ್ಬೇಕು, ಅದರಲ್ಲಿ ಎರಡು ಸಲ ಒದ್ದೆ ಸೌದೆ ಹೊತ್ತಿಸೋಕೆ. ರೂಲಲ್ಲಿ ಸೌದೆ ವಿಷಯ ಇಲ್ಲ, ಪಾಪ ಅಂತ ಡಿಎಂ ಬಿಟ್ಟ. ಆರೂವರೆ ಅಡಿ ಎತ್ತರದ ಗ್ಯಾಸ್ ಲೈಟರ್ ನಾನು.

ಆಗಲೇ ನನಗೆ ಹೊಳೆದಿದ್ದು, ಉಸಿರಿಗೆ ಎಷ್ಟು ಡೈಸು ಅನ್ನೋದಲ್ಲ ವಿಷಯ, ಅದನ್ನ ಬಿಡೋಕೆ ಏನು ಕಳ್ಕೋತೀನಿ ಅನ್ನೋದೇ ವಿಷಯ. ನಿಜವಾದ ಡ್ರ್ಯಾಗನ್ ಹೇಗೆ, ಅದು ಕಚ್ಚುತ್ತೆ, ಉಗುರಲ್ಲಿ ಪರಚುತ್ತೆ, ಬಾಲ ಬೀಸುತ್ತೆ, ಉಸಿರು ಬಿಡುತ್ತೆ, ಅದಕ್ಕೆ ಉಸಿರು ಅನ್ನೋದು ಕೆಲಸ ಬಿಟ್ಟು ಮಾಡೋ ಇನ್ನೊಂದು ಕೆಲಸ ಅಲ್ಲ. ಈ ಮಾತನ್ನ ನಮ್ಮ ಮಂತ್ರವಾದಿ ಆಡೋ ಗೆಳೆಯನಿಗೆ ಹೇಳಿದೆ, ಅವನು ಎಂಟು ಡಿ6 ಫೈರ್‌ಬಾಲ್ ಹಾಕೋವ್ನು, ದೊಡ್ಡ ಮನಸ್ಸು ಮಾಡಿ "ಹೌದಪ್ಪ" ಅಂದ. ಫೈರ್‌ಬಾಲ್ ಹಾಕೋರಿಗೆಲ್ಲ ದೊಡ್ಡ ಮನಸ್ಸಿರುತ್ತೆ.

ಬೇರೆ ಆಯ್ಕೆ ಇಲ್ವಾ ಅಂದ್ರೆ ಇದಾವೆ. ಡ್ರ್ಯಾಗನ್ ರಕ್ತದ ಸಾರ್ಸರರ್ ಇದೆ, 2014ರಲ್ಲಿ ಒಂದನೇ ಲೆವೆಲ್ಲಿಂದಲೇ ಮೈಮೇಲೆ ಚಿಪ್ಪು, ಲೆವೆಲ್ಲಿಗೊಂದು ಹಿಟ್ ಪಾಯಿಂಟ್ ಹೆಚ್ಚು, ಹದಿನಾಲ್ಕಕ್ಕೆ ರೆಕ್ಕೆ. 2024ರ ಹೊಸ ಪುಸ್ತಕದಲ್ಲಿ ಎಲ್ಲ ಸಬ್‌ಕ್ಲಾಸೂ, ಅಂದ್ರೆ ಒಂದು ಕಸುಬಿನೊಳಗಿನ ಕವಲುಗಳೆಲ್ಲ, ಮೂರನೇ ಲೆವೆಲ್ಲಿಗೆ ಅಂತ ಮಾಡಿದಾರೆ, ಹಾಗಾಗಿ ವಂಶದ ರಕ್ತ ಕೂಡ ಮೂರನೇ ಲೆವೆಲ್ಲಲ್ಲಿ ಶುರು. ಅಲ್ಲೀತನಕ ಯಾರ ರಕ್ತ ಹರೀತಿತ್ತು ಸ್ವಾಮಿ? ಲೆಕ್ಕಕ್ಕೆ ಸುಲಭ ಅನ್ನೋದು ಅರ್ಥ ಆಗುತ್ತೆ, ನನಗೆ ಹಿಡಿಸ್ಲಿಲ್ಲ. 2021ರಲ್ಲಿ ಬಂದ ಫಿಜ್ಬನ್ಸ್ ಟ್ರೆಷರಿ ಆಫ್ ಡ್ರ್ಯಾಗನ್ಸ್ ಅನ್ನೋ ಪುಸ್ತಕದಲ್ಲಿ ಡ್ರೇಕ್‌ವಾರ್ಡನ್ ಅಂತ ರೇಂಜರ್ ಇದಾನೆ, ಅವನಿಗೊಂದು ಸಾಕಿದ ಡ್ರೇಕ್, ಚಿಕ್ಕ ಡ್ರ್ಯಾಗನ್ ಅನ್ನಿ. ಏಳನೇ ಲೆವೆಲ್ಲಲ್ಲಿ ಅದಕ್ಕೆ ರೆಕ್ಕೆನೂ ಬರುತ್ತೆ, ಅದರ ಮೇಲೆ ಹತ್ತಿ ಕೂರೋಕೂ ಆಗುತ್ತೆ, ಆದ್ರೆ ನೀವು ಕೂತಿರುವಾಗ ಅದು ಹಾರೋ ಹಾಗಿಲ್ಲ. ಹಾರೋದು ಹದಿನೈದಕ್ಕೆ. ಚಿಕ್ಕೋರಿದ್ದಾಗ ಸೆಂಟರ್ ಸ್ಟ್ಯಾಂಡ್ ಹಾಕಿದ ಅಪ್ಪನ ಸ್ಕೂಟರ್ ಮೇಲೆ ಕೂತು ಬಾಯಲ್ಲಿ ಡುರ್ರ್ ಅಂತಿದ್ವಲ್ಲ, ಎಂಟು ಲೆವೆಲ್ ಅದೇ. ನಮ್ಮ ಯಾವ ಆಟನೂ ಹದಿನೈದು ಮುಟ್ಟಿಲ್ಲ, ಅಷ್ಟರಲ್ಲಿ ಒಬ್ಬನಿಗೆ ಮದುವೆ, ಇನ್ನೊಬ್ಬನಿಗೆ ಪುಣೆಗೆ ಟ್ರಾನ್ಸ್‌ಫರ್. ಇನ್ನು ಕೋಬೋಲ್ಡ್ ಇದೆ, ಮೂರಡಿ ಹಲ್ಲಿಮೂತಿ, ತಾನೂ ಡ್ರ್ಯಾಗನ್ ವಂಶನೇ ಅಂತ ಎದೆ ತಟ್ಕೊಳ್ಳೋದು. ಹಳೇ ರೂಲಲ್ಲಿ ಅದರ ಸ್ಪೆಷಲ್ ಶಕ್ತಿ ಏನು ಗೊತ್ತಾ, ಅಳೋದು, ಕಾಲಿಗೆ ಬೀಳೋದು, ಬೇಡ್ಕೊಳ್ಳೋದು, ಶತ್ರು ಅದನ್ನ ನೋಡ್ತಾ ನಿಂತಾಗ ಗೆಳೆಯರು ಹೊಡೀಬೇಕು. 2022ರಲ್ಲಿ ಅದನ್ನ ಡ್ರ್ಯಾಗನ್ ಥರ ಕೂಗು ಅಂತ ಬದಲಾಯಿಸಿದ್ರು. ಮರ್ಯಾದೆ ಬಂತು, ನಗು ಹೋಯ್ತು.

ಅದೇ 2021ರ ಪುಸ್ತಕ ಕೆಂಡಪ್ಪನ ಕೈ ಹಿಡೀತು. ಅದರಲ್ಲಿ ಡ್ರ್ಯಾಗನ್‌ಬಾರ್ನ್ ಮೂರು ಥರ, ಬಣ್ಣದವು, ಲೋಹದವು, ರತ್ನದವು. ಮೂರಕ್ಕೂ ಉಸಿರು ಈಗ ಪೂರ್ತಿ ಆಕ್ಷನ್ ತಿನ್ನಲ್ಲ, ಎರಡು ಏಟಲ್ಲಿ ಒಂದು ಏಟಿನ ಬದಲು ಉಸಿರು ಬಿಡ್ಬಹುದು. ಐದನೇ ಲೆವೆಲ್ಲಲ್ಲಿ ಎರಡು ಹತ್ತು ಮುಖದ ಡೈಸು, ಆವರೇಜ್ ಹನ್ನೊಂದು, ನನ್ನ ಕತ್ತಿಯ ಒಂದು ಏಟಿಗೆ ಸರಿಸಮ, ಅದೂ ಸಾಲಲ್ಲಿ ನಿಂತ ಎಲ್ಲರಿಗೂ, ದಿನಕ್ಕೆ ಮೂರು ಸಲ. ಒಂದೇ ಒಂದು ಸಾಲು ಬದಲಾಯಿಸಿದಾರೆ ಅನ್ನಿ, ಆದ್ರೆ ಆಟನೇ ಬೇರೆ. 2024ರಲ್ಲಿ ಮುಖ್ಯ ಪುಸ್ತಕಕ್ಕೂ ಅದೇ ಬಂತು, ಜೊತೆಗೆ ಐದನೇ ಲೆವೆಲ್ಲಲ್ಲಿ ಹತ್ತು ನಿಮಿಷದ ರೆಕ್ಕೆ ಬೇರೆ. ನಾನು ಡಿಎಂ ಹತ್ರ ಹೋಗಿ, ಮಂಡಕ್ಕಿ ನಾನೇ ತರ್ತೀನಿ, ಕೆಂಡಪ್ಪನ್ನ 2021ಕ್ಕೆ ಬದಲಾಯಿಸ್ಕೊಡು ಅಂದೆ. ಒಪ್ಪಿದ. ಆಗ ನಾನು ಸರಿಯಾಗಿ ಓದದೇ ಬಿಟ್ಟಿದ್ದ ಇನ್ನೊಂದು ಸಾಲು ಅವನೇ ತೋರಿಸ್ದ. ಬಣ್ಣದ ಡ್ರ್ಯಾಗನ್‌ಬಾರ್ನ್‌ಗೆ ಐದನೇ ಲೆವೆಲ್ಲಿಂದ ಕ್ರೊಮ್ಯಾಟಿಕ್ ವಾರ್ಡಿಂಗ್ ಅಂತ ಒಂದಿದೆ, ದಿನಕ್ಕೆ ಒಂದೇ ಸಲ, ಒಂದು ಪೂರ್ತಿ ಆಕ್ಷನ್ ಕೊಟ್ರೆ ಒಂದು ನಿಮಿಷ ತನ್ನ ಜಾತಿಯ ಡ್ಯಾಮೇಜು ಏನೂ ಮಾಡಲ್ಲ. ಕೆಂಪಿಗೆ ಬೆಂಕಿ. ಮತ್ತೆ ಪೂರ್ತಿ ಆಕ್ಷನ್ನಾ ಅಂತ ಮೂಗು ಮುರಿದು ಶೀಟಿನ ಮೂಲೇಲಿ ಬರ್ಕೊಂಡು ಮರೆತೆ.

ಏಳನೇ ಲೆವೆಲ್ಲಲ್ಲಿ ಗುಹೆ, ಚಿನ್ನ, ಅದರ ಮೇಲೆ ಕೆಂಪು ಡ್ರ್ಯಾಗನ್. ಯಂಗ್ ರೆಡ್, ಅಂದ್ರೆ ಹರೆಯದ್ದು, 178 ಹಿಟ್ ಪಾಯಿಂಟು, ಉಸಿರು 16 ಡಿ6. ಅದಕ್ಕೆ ಬೆಂಕಿ ತಾಗೋದೇ ಇಲ್ಲ, ಅಂದ್ರೆ ನನ್ನ ಹೊಸ ಸುಧಾರಿತ ತೇಗು ಅವತ್ತು ಪೂರ್ತಿ ವೇಸ್ಟು. ಅದು ಕಣ್ಬಿಟ್ಟು ನನ್ನನ್ನೇ ನೋಡ್ತು. ಡಿಎಂ ದನಿ ತಗ್ಗಿಸಿ, ಡ್ರಾಕೋನಿಕ್ಕಲ್ಲಿ, "ಆರಯ್ ನೀಂ? ಎತ್ತಣಿಂ ಬಂದಯ್?" ಅಂದ. ಟೇಬಲ್ ಗಪ್‌ಚುಪ್. ನಾನು "ಆಂ ಕೆಂಡಪ್ಪನೆಂ" ಅಂದೆ, ಅಲ್ಲಿಗೆ ನನ್ನ ಹಳೆಗನ್ನಡ ಮುಗೀತು, "ಹಳೇಕೋಟೆ ಕಡೆಯೋನು" ಅಂತ ಸೇರಿಸ್ದೆ. ಡ್ರ್ಯಾಗನ್ನಿಗೆ ನಗು ಬರ್ಲಿಲ್ಲ, ಡಿಎಂಗೆ ಬಂತು, ತಡ್ಕೊಂಡ.

ನನ್ನ ಟರ್ನ್ ಮೊದ್ಲು ಬಂತು. ಎಲ್ಲರೂ "ಹೊಡಿಯೋ ಹೊಡಿಯೋ" ಅಂತಿದಾರೆ, ಆಕ್ಷನ್ ಸರ್ಜ್, ಅಂದ್ರೆ ಇನ್ನೊಂದು ಆಕ್ಷನ್ ಕೊಡೋ ಶಕ್ತಿ, ಹಿಂದಿನ ಫೈಟಲ್ಲೇ ಖಾಲಿ ಮಾಡ್ಕೊಂಡಿದ್ದೆ, ಇರೋದು ಒಂದೇ ಆಕ್ಷನ್. ಶೀಟಿನ ಮೂಲೇಲಿ ಪೆನ್ಸಿಲಲ್ಲಿ ಬರೆದಿದ್ದು ಕಣ್ಣಿಗೆ ಬಿತ್ತು. ಕತ್ತಿ ಬೀಸ್ಲಿಲ್ಲ. "ಮುಂದೆ ಹೋಗಿ, ಮಂತ್ರವಾದಿಗೆ ಅಡ್ಡ ನಿಂತ್ಕೊಂಡು, ವಾರ್ಡಿಂಗ್" ಅಂದೆ. ಯಾರಿಗೂ ನೆನಪಿರ್ಲಿಲ್ಲ ಅದೇನು ಅಂತ. ಡ್ರ್ಯಾಗನ್ ಬಾಯಿ ತೆಗೀತು. ಹದಿನಾರು ಡೈಸು ಡಿಎಂ ಹತ್ರ ಇರ್ಲಿಲ್ಲ, ನಮ್ಮನಮ್ಮದೆಲ್ಲ ಕೊಟ್ವಿ, ನನ್ನನ್ನ ಸುಡೋಕೆ ನನ್ನದೇ ನಾಲ್ಕು ಡೈಸು, ಹಸಿರು ಬಣ್ಣದ್ದು. ಎರಡು ಕಂತಲ್ಲಿ ಹಾಕಿ ಕೂಡಿಸ್ದ, ಬೆರಳಲ್ಲಿ ಒಂದೊಂದೇ ಸರಿಸ್ತಾ. ಐವತ್ತೆಂಟು. ಮಂತ್ರವಾದಿ ಹತ್ರ ಇದ್ದಿದ್ದು ಮೂವತ್ತೆಂಟು ಹಿಟ್ ಪಾಯಿಂಟು. ಸೇವ್ ಆಗೋಕೆ ಅವನಿಗೆ ಹದಿನೇಳು ಬೇಕು, ಡೈಸಲ್ಲಿ ಹದಿಮೂರು ಬಿತ್ತು, ಅವನದ್ದು ಎರಡು, ಹದಿನೈದು, ಮುಖ ಬಾಡಿ ಹೋಯ್ತು. "ನಾನು ಅಡ್ಡ ನಿಂತಿದೀನಲ್ಲ, ಅರ್ಧ ಕವರ್, ಇನ್ನೆರಡು" ಅಂದೆ. ಹದಿನೇಳು. ಅರ್ಧ ಡ್ಯಾಮೇಜು ಇಪ್ಪತ್ತೊಂಬತ್ತು, ಒಂಬತ್ತು ಉಳೀತು, ಬದುಕ್ದ.

"ಕೆಂಡಪ್ಪನಿಗೆ?" ಅಂದ ಡಿಎಂ.

"ಸೊನ್ನೆ."

ಅವನು ಪುಸ್ತಕ ತೆಗೆದು ಓದಿದ, ತಾನೇ ತೋರಿಸಿದ್ದು ಅವನಿಗೂ ಮರೆತು ಹೋಗಿತ್ತು. ಆಮೇಲೆ ನಿಧಾನಕ್ಕೆ ಹೇಳ್ದ, ಬೆಂಕಿ ನಿಂತ್ಮೇಲೆ ಹೊಗೆ ಸರಿದ್ರೆ ಕಲ್ಲೆಲ್ಲ ಕೆಂಪಾಗಿದೆ, ನಿನ್ನ ಗುರಾಣಿಗೆ ಕಟ್ಟಿದ್ದ ಚರ್ಮದ ಪಟ್ಟಿ ಉರಿದು ಹೋಗಿದೆ, ನೀನು ಮಾತ್ರ ನಿಂತಲ್ಲೇ ನಿಂತಿದೀಯ, ಡ್ರ್ಯಾಗನ್ ಮೊದಲನೇ ಸಲ ಕತ್ತು ಕೆಳಗೆ ಮಾಡಿ ನಿನ್ನ ಮೂಸಿ ನೋಡುತ್ತೆ. ನನಗೆ ರೋಮಾಂಚನ ಆಯ್ತು, ಸುಳ್ಳು ಹೇಳಲ್ಲ. ಉಸಿರು ಬಿಟ್ಟಾಗ ಒಂದ್ಸಲನೂ ಆಗದೇ ಇದ್ದಿದ್ದು. (ನನ್ನ ಹತ್ರ ಗುರಾಣಿನೇ ಇರ್ಲಿಲ್ಲ, ಎರಡು ಕೈ ಕತ್ತಿ, ಆದ್ರೆ ಆ ಹೊತ್ತಲ್ಲಿ ಅದನ್ನ ಯಾರು ಹೇಳ್ತಾರೆ.) ಆಮೇಲಿನ ಏಳು ರೌಂಡ್ ಅದು ಪ್ರತಿ ಟರ್ನ್ ಉಸಿರು ತುಂಬ್ಕೊಳ್ಳೋಕೆ ಡಿ6 ಹಾಕೋದು, ಐದೋ ಆರೋ ಬಿದ್ರೆ ಮತ್ತೆ ಬೆಂಕಿ, ಪ್ರತಿ ಸಲ ಎಲ್ಲರೂ ನನ್ನ ಹಿಂದೆ ಸಾಲು. ಬಿಎಂಟಿಸಿ ಬಸ್ಸಲ್ಲಿ ಬಿಸಿಲು ಬೀಳೋ ಕಡೆ ದಪ್ಪಗಿರೋನ ನೆರಳಲ್ಲಿ ನಿಲ್ಲೋ ಹಾಗೆ. ಕಚ್ಚಿಸ್ಕೊಂಡೆ, ಪರಚಿಸ್ಕೊಂಡೆ, ಎರಡು ಸಲ ಬಿದ್ದೆ, ಗಾಯ ವಾಸಿ ಮಾಡೋ ನಮ್ಮ ಕ್ಲೆರಿಕ್ ಎಬ್ಬಿಸಿದ್ಲು. ಕೊನೇ ಏಟು ನಂದಲ್ಲ, ಅವಳದ್ದೇ.

ಹೊರಗೆ ಬಂದಾಗ ಮಳೆ. ಚಿನ್ನ ಎಣಿಸೋಕೆ ಮುಂಚೆ ಏನಾದ್ರೂ ಬಿಸಿ ಕುಡೀಬೇಕು ಅಂತ ಬಂಡೆ ಕೆಳಗೆ ಕೂತ್ವಿ, ಸೌದೆ ಒದ್ದೆ, ಮಂತ್ರವಾದಿಗೆ ಒಂದು ಸ್ಪೆಲ್ಲೂ ಉಳಿದಿಲ್ಲ. ನಾಲ್ಕೂ ಜನ ನನ್ನ ಕಡೆ ತಿರುಗಿದ್ರು. ತೇಗು ಮೂರಕ್ಕೆ ಮೂರೂ ಹಾಗೇ ಉಳಿದಿತ್ತು.

"ಡೈಸು ಹಾಕ್ಲಾ?"

"ಸೌದೆಗೆ ಯಾಕೋ ಡೈಸು" ಅಂದ ಡಿಎಂ. ಆಮೇಲೆ, "ಹಾಕು ಹಾಕು, ನೋಡಣ."

ಎರಡು ಹತ್ತು ಮುಖದ ಡೈಸು. ಈ ಸಲ ಮಂಡಕ್ಕಿಗೆ ಬೀಳ್ಬಾರ್ದು ಅಂತ ಮೆಲ್ಲಗೆ ಬಿಟ್ಟೆ. ಹತ್ತು. ಇನ್ನೊಂದೂ ಹತ್ತು. ಡಿಎಂ ಅದನ್ನ ಸ್ವಲ್ಪ ಹೊತ್ತು ನೋಡ್ದ.

"ಸೌದೆ ಬೂದಿ" ಅಂದ. "ಪಾತ್ರೆನೂ."